ಹೊಲಿಗೆಯ ಒಳಮೈ

ನಮ್ಮ ಹೊಲಿಗೆಯ ಉಪಾಧ್ಯಾಯಿನಿಯವರು ಬಟ್ಟೆಯ ಹೊರಮೈಯನ್ನು ನೋಡಿ ಮೆಚ್ಚುವವರಲ್ಲ. ಅದನ್ನು ತಿರುವಿ ಒಳಮೈಯನ್ನು ಪರೀಕ್ಷಿಸಿ, ಬಳಿಕ ಎರಡು ಕೈಗಳಿಂದ ಜಗ್ಗುತ್ತಿದ್ದರು. ಬಿಚ್ಚಿಕೊಂಡರೆ ಪುನಃ ಹೊಲಿಯತಕ್ಕದ್ದು. ಅದು ನಿಷ್ಠುರವೆಂದು ನಮಗೆ ಆಗ ತೋರುತ್ತಿತ್ತು. ಇಂದು ಗಣಕಯಂತ್ರದ ತಂತ್ರಾಂಶಗಳನ್ನು ಪರೀಕ್ಷಿಸುವುದೇ ನನ್ನ ಉದ್ಯೋಗ.

ಉದ್ಯೋಗದ ಆರಂಭದಲ್ಲಿ ನಾನು ಸರಿಯಾದ ಅಂಕಿಗಳನ್ನೇ ಕೊಟ್ಟು, ಸರಿಯಾದ ಉತ್ತರವನ್ನು ಕಂಡು, ವೇತನದ ಲೆಕ್ಕವಿಡುವ ತಂತ್ರಾಂಶವೊಂದನ್ನು ಒಪ್ಪಿದೆನು. ತಿಂಗಳ ಕೊನೆಗೆ ಗುಮಾಸ್ತರೊಬ್ಬರು ಒಂದು ಸ್ಥಳವನ್ನು ಬರಿದಾಗಿ ಬಿಡಲು, ಅದು ಸ್ತಬ್ಧವಾಯಿತು. ಕೂಲಿಗಾರರ ವೇತನವು ಮೂರು ದಿನ ತಡವಾಯಿತು. ನಾನು ನೋಡಿದ್ದು ಹೊರಮೈಯನ್ನು ಮಾತ್ರ.

ಇಂತಹ ತಪ್ಪು ದೊಡ್ಡವರನ್ನೂ ಬಿಟ್ಟಿಲ್ಲ. ಅಂತರಜಾಲದ ಗುಟ್ಟುಗಳನ್ನು ಕಾಯುವ ‘ಓಪನ್ ಎಸ್‌ಎಸ್‌ಎಲ್’ ತಂತ್ರಾಂಶದಲ್ಲಿ 2012ರಿಂದ ಅಡಗಿದ್ದ ‘ಹಾರ್ಟ್‌ಬ್ಲೀಡ್’ ಎಂಬ ದೋಷವು 2014ರ ಏಪ್ರಿಲಿನಲ್ಲಿ ಬಯಲಾಯಿತು. ಬಂದ ಸಂದೇಶವನ್ನು ಹಿಂದಿರುಗಿಸುವಾಗ ಅದು ಕಳುಹಿಸಿದವನು ಹೇಳಿದ ಉದ್ದವನ್ನೇ ನಂಬುತ್ತಿತ್ತು, ಅಳೆದು ನೋಡುತ್ತಿರಲಿಲ್ಲ. ಚಿಕ್ಕ ಮಾತನ್ನು ದೊಡ್ಡದೆಂದು ಸುಳ್ಳಾಡಿದವನಿಗೆ ತನ್ನ ಸ್ಮೃತಿಯಲ್ಲಿದ್ದುದನ್ನು 64 ಕಿಲೋಬೈಟುಗಳವರೆಗೆ ಸುರಿದುಬಿಡುತ್ತಿತ್ತು. ಅದರಲ್ಲಿ ಪರರ ಗುಪ್ತಪದಗಳೂ ಇರಬಹುದಾಗಿತ್ತು.

ಇಂತಹ ದೋಷಗಳನ್ನು ಹುಡುಕಲು ‘ಫಝಿಂಗ್’ ಎಂಬ ಕ್ರಮವುಂಟು. ಸಾವಿರಾರು ಅಡ್ಡಾದಿಡ್ಡಿ ಮಾತುಗಳನ್ನು ತಂತ್ರಾಂಶಕ್ಕೆ ಉಣಿಸಿ, ಎಲ್ಲಿ ಮುರಿಯುವುದೆಂದು ನೋಡುವುದು. ಎಲ್ಲರಿಗೂ ತೆರೆದಿರುವ ತಂತ್ರಾಂಶಗಳನ್ನು ಹೀಗೆ ಪರೀಕ್ಷಿಸಲು ಗೂಗಲ್ ಸಂಸ್ಥೆಯು 2016ರಲ್ಲಿ ‘ಓಎಸ್‌ಎಸ್-ಫಝ್’ ಎಂಬ ಏರ್ಪಾಡನ್ನು ಆರಂಭಿಸಿತು. ಈಗ ಯಂತ್ರವೇ ಹಗಲಿರುಳು ಜಗ್ಗುತ್ತದೆ. ಎಲ್ಲಿ ಜಗ್ಗಬೇಕೆಂಬುದನ್ನು ಮಾತ್ರ ನಾವು ಕಲಿಸಬೇಕು.

ತಂದೆತಾಯಂದಿರೇ, ನಿಮ್ಮ ಮಗಳ ಹೊಲಿಗೆಯನ್ನು ಉಪಾಧ್ಯಾಯಿನಿಯವರು ಬಿಚ್ಚಿಸಿದರೆ ದಯವಿಟ್ಟು ಬೇಸರಿಸಬೇಡಿರಿ.