ಬಡ ಮನೆತನದ ಸ್ಪೈಡರ್

ಹಳೆಯ ಇಟಾಲಿಯನ್ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವನ ಬಗ್ಗೆ ಜನಕ್ಕೆ ಎರಡು ಗುಮಾನಿಗಳಿರುತ್ತವೆ. ಇವನ ಹತ್ತಿರ ದುಡ್ಡು ಕೊಳೆಯುತ್ತಿದೆ ಅನ್ನುವುದು ಒಂದು. ಇವನಿಗೆ ವೇಗದ ಹುಚ್ಚು ಅನ್ನುವುದು ಇನ್ನೊಂದು. ನನ್ನ 1975ರ ಫಿಯಟ್ 124 ಸ್ಪೈಡರಿಗೆ ತೆತ್ತ ಹಣಕ್ಕೆ, ನಾನಿರುವ ಕ್ಯಾಲಿಫೋರ್ನಿಯಾದ ಸನಿವೇಲಿನಲ್ಲಿ ಒಂದು ನೆಟ್ಟಗಿನ ಸೆಕೆಂಡ್ ಹ್ಯಾಂಡ್ ಟೊಯೋಟಾ ಕೂಡ ಸಿಗುತ್ತಿರಲಿಲ್ಲ. ಇನ್ನು ವೇಗ. ಸಿಗ್ನಲ್ ಹಸಿರಾದರೆ ಸಾಕು, ಹಿಂದಿನ ಸೀಟಿನಲ್ಲಿ ಮೂರು ಮಕ್ಕಳನ್ನು ತುಂಬಿಕೊಂಡ ಎಲೆಕ್ಟ್ರಿಕ್ ಗಾಡಿಯೊಂದು ಸದ್ದಿಲ್ಲದೆ ನನ್ನನ್ನು ಹಿಂದೆ ಹಾಕಿ ಮುಂದಿನ ಸಿಗ್ನಲ್ಲಿನಲ್ಲಿ ನಿಂತಿರುತ್ತದೆ. ಅದನ್ನು ಓಡಿಸುತ್ತಿರುವ ತಾಯಿ ಆಕಳಿಸುತ್ತಿರುತ್ತಾಳೆ.

ಆದರೂ ಪೆಟ್ರೋಲ್ ಬಂಕಿನಲ್ಲಿ ನನಗೆ ಸಿಗುವ ಮರ್ಯಾದೆ ಆ ತಾಯಿಗೆ ಸಿಗುವುದಿಲ್ಲ. ಕಡು ಹಸಿರು ಬಣ್ಣದ ಈ ಕಾರನ್ನು ನೋಡಿ ‘ಫೆರಾರಿಯೋ?’ ಎಂದು ಕೇಳಿದವರಿದ್ದಾರೆ. ಅವರಿಗಿಂತ ಹೆಚ್ಚಿನವರು ನಡುವಯಸ್ಸು ದಾಟಿದವರು. ಅವರ ಅಣ್ಣನ ಹತ್ತಿರವೋ ಕಾಲೇಜಿನ ಗೆಳತಿಯ ಹತ್ತಿರವೋ ಇಂಥದ್ದೊಂದು ಇತ್ತಂತೆ. ಅಣ್ಣ ಈಗೆಲ್ಲಿದ್ದಾನೆ ಎಂದು ನಾನು ಕೇಳುವುದಿಲ್ಲ. ಕಾರು ಏನಾಯಿತು ಎಂದು ಮಾತ್ರ ಕೇಳುತ್ತೇನೆ. ತುಕ್ಕು ಹಿಡಿಯಿತು ಅನ್ನುತ್ತಾರೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ ಆ ಕಾಲದ ತೆಳು ತಗಡು ಬಹಳ ದಿನ ಬಾಳುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಒಣ ಹವೆಯಲ್ಲಿ ಉಳಿದುಕೊಂಡವೇ ಈಗ ಊರೂರಿಗೆ ಮಾರಾಟವಾಗುತ್ತಿರುವುದು.

ಇದರ ನಿಜವಾದ ಕುಲಗೋತ್ರ ಪತ್ತೆ ಹಚ್ಚಿದವರು ಶಿವಮೊಗ್ಗದ ನಮ್ಮ ದೊಡ್ಡಪ್ಪ. ಮಗಳ ಬಾಣಂತನಕ್ಕೆಂದು ದೊಡ್ಡಮ್ಮನ ಜೊತೆ ಬಂದವರು, ತಮಗೆ ಅಲ್ಲಿ ಏನೂ ಕೆಲಸವಿಲ್ಲವೆಂದು ನಮ್ಮ ಮನೆಗೆ ಬಂದು ಬೀಡುಬಿಟ್ಟಿದ್ದರು. ಕಾರನ್ನು ಮೇಲಿನಿಂದ ಹೊಗಳಲಿಲ್ಲ. ನಾನು ಅದನ್ನು ಜಾಕ್ ಹಾಕಿ ಎತ್ತಿದ್ದಾಗ ಬಗ್ಗಿ ಹೊಟ್ಟೆಯನ್ನು ನೋಡಿ, ‘ಇದು ನಮ್ಮ ಒನ್ ಏಟೀನ್ ಎನ್ಇ ಅಲ್ಲವೇನೋ?’ ಅಂದರು.

ಹೌದು, ಅದೇ. ನಮ್ಮಲ್ಲಿ ಫಿಯಟ್ ಎಂದರೆ ಬಹುಪಾಲು ಜನಕ್ಕೆ ಪ್ರೀಮಿಯರ್ ಪದ್ಮಿನಿ. ಆದರೆ ಅದೇ ಪ್ರೀಮಿಯರ್ ಕಂಪನಿ 1985ರಿಂದ ತಯಾರಿಸಿದ ಚೌಕಾಕಾರದ 118 ಎನ್ಇ ಮೂಲದಲ್ಲಿ ಇಟಲಿಯ ಫಿಯಟ್ 124 ಸೆಡಾನು. ಅದಕ್ಕೆ ಕೂರಿಸಿದ್ದು ನಿಸಾನ್ ಎಂಜಿನ್ನು. 1967ರಲ್ಲಿ ಯೂರೋಪಿನ ವರ್ಷದ ಕಾರು ಎನಿಸಿಕೊಂಡ ಆ 124ನ್ನೇ ರಷ್ಯನ್ನರು ಲಾಡಾ ಎಂದು ಲಕ್ಷಗಟ್ಟಲೆ ಹೊರತಂದರು. ಗುಮಾಸ್ತನಿಗೆ, ಮೇಷ್ಟರಿಗೆ, ಅಂಗಡಿಯವನಿಗೆ ಮಾಡಿದ ಕಾರು. ಸ್ಪೈಡರ್ ಹುಟ್ಟಿದ್ದು ಅದರ ಅಡಿಪಾಯವನ್ನು ಒಂದಿಷ್ಟು ಗಿಡ್ಡ ಮಾಡಿ. ಹಿಂದಿನ ಗಟ್ಟಿ ಆಕ್ಸಲ್ಲು, ಅದರ ಮೇಲಿನ ಸುರುಳಿ ಸ್ಪ್ರಿಂಗು ಎಲ್ಲ ಮನೆಯ ಪಾಲಿನಿಂದಲೇ ಬಂದದ್ದು. ಆಗುಂಬೆ ಘಾಟಿಯ ತಿರುವುಗಳಲ್ಲಿ ನಾವು ಐದು ಮಕ್ಕಳು ದೊಡ್ಡಪ್ಪನ ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದದ್ದಕ್ಕೂ ಈಗ ನಾನು ಒಬ್ಬನೇ ಇಲ್ಲಿನ ಬೆಟ್ಟದ ಸ್ಕೈಲೈನ್ ರಸ್ತೆಯಲ್ಲಿ ವಾಲುವುದಕ್ಕೂ ಕಾರಣವಾದ ಲೆಕ್ಕಾಚಾರ ಹೆಚ್ಚುಕಡಿಮೆ ಒಂದೇ ಎಂದು ತಿಳಿದು ನನಗೆ ವಿಚಿತ್ರ ಖುಷಿಯಾಯಿತು. ದೊಡ್ಡಪ್ಪನಿಗೆ ಮಾತ್ರ ನಾನು ಇಷ್ಟು ದೂರ ಬಂದು ಕೊನೆಗೆ ಅವರ ಕಾರನ್ನೇ, ಅದೂ ಎರಡು ಬಾಗಿಲು ಕಡಿಮೆ ಇರುವುದನ್ನು, ಕೊಂಡಿದ್ದೇನೆ ಅನ್ನಿಸಿತು.

ಹಾಗಾದರೆ ಬೆಡಗು ಎಲ್ಲಿಂದ ಬಂತು? ಹೊರಮೈಯನ್ನು ರೂಪಿಸಿದ್ದು ಪಿನಿನ್‌ಫರೀನಾ ಸಂಸ್ಥೆಯಲ್ಲಿದ್ದ ಟಾಮ್ ಚಾರ್ಡಾ. ಹೆಸರಿನಲ್ಲಿ ಡಚ್ಚರವನು, ಹುಟ್ಟಿದ್ದು ಡೆಟ್ರಾಯಿಟ್, ನೆಲೆಸಿದ್ದು ಟ್ಯೂರಿನ್. 1966ರ ಟ್ಯೂರಿನ್ ಪ್ರದರ್ಶನದಲ್ಲಿ ಹೊರಬಂದ ಕಾರಿನ ಹೆಚ್ಚಿನ ಪಾಲು ಕೊನೆಗೆ ಅಮೆರಿಕಕ್ಕೇ ಹೋಯಿತು. ನಾನು ವಲಸೆಗಾರ, ನನ್ನ ಕಾರು ವಲಸೆಗಾರ, ಅದನ್ನು ಬರೆದವನು ಉಲ್ಟಾ ವಲಸೆಗಾರ. ಅವನ ಗೆರೆಗಳನ್ನು ಅಮೆರಿಕದ ಕಾನೂನು ಸ್ವಲ್ಪ ಕೆಡಿಸಿತು: ನಿಧಾನ ಗತಿಯ ಡಿಕ್ಕಿಯನ್ನು ತಡೆದುಕೊಳ್ಳಬೇಕೆಂದು 1975ರಿಂದ ಇದರ ಮುಂದೆ ಹಿಂದೆ ದಪ್ಪ ಬಂಪರುಗಳು ಬಂದವು. ಬಲ್ಲವರು ಅವನ್ನು ಕಿತ್ತು ಹಳೆಯ ತೆಳು ಬಂಪರ್ ಹಾಕಿಸುತ್ತಾರೆ. ನಾನು ಹಾಕಿಸಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾರು ರಿವರ್ಸ್ ತೆಗೆಯುವವರನ್ನು ನಾನು ನೋಡಿದ್ದೇನೆ.

ಎಂಜಿನ್ನಿನ ಕತೆ ಇನ್ನೂ ಸೊಗಸು. ಅದನ್ನು ರೂಪಿಸಿದ ಆರೇಲಿಯೋ ಲಾಂಪ್ರೆದಿ ಮೊದಲು ಫೆರಾರಿಯಲ್ಲಿದ್ದವನು. 1951ರಲ್ಲಿ ಸಿಲ್ವರ್‌ಸ್ಟೋನಿನ ರೇಸಿನಲ್ಲಿ ಫೆರಾರಿಗೆ ವಿಶ್ವ ಚಾಂಪಿಯನ್‌ಷಿಪ್ಪಿನ ಮೊದಲ ಗೆಲುವು ತಂದದ್ದು ಅವನ ಹನ್ನೆರಡು ಸಿಲಿಂಡರಿನ ಎಂಜಿನ್ನು. 1952 ಮತ್ತು 53ರಲ್ಲಿ ಫೆರಾರಿಯ ಚಾಲಕ ಅಸ್ಕಾರಿ ಚಾಂಪಿಯನ್ ಆದದ್ದು ಅವನದೇ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ. 1955ರಲ್ಲಿ ಅವನು ಫಿಯಟ್ ಸೇರಿದ. ಸೇರಿ, ಸೆಡಾನಿನ ಸಾದಾ ಎಂಜಿನ್ನಿನ ತಲೆಯ ಮೇಲೆ ಎರಡು ಕ್ಯಾಮ್‌ಶಾಫ್ಟ್ ಕೂರಿಸಿ, ಅವನ್ನು ತಿರುಗಿಸಲು ಸರಪಳಿಯ ಬದಲು ಹಲ್ಲುಗಳಿರುವ ರಬ್ಬರ್ ಬೆಲ್ಟ್ ತೊಡಿಸಿದ. ಅರಮನೆಯ ಅಡುಗೆಭಟ್ಟ ಬಸ್‌ಸ್ಟ್ಯಾಂಡ್ ಹೋಟೆಲಿಗೆ ಬಂದು ಅದೇ ಹದದಲ್ಲಿ ಉಪ್ಪಿಟ್ಟು ತಿರುವಿದ ಹಾಗೆ. ವಾಲ್ವಿನ ಸಂದು ಸರಿಪಡಿಸುವ ಬಿಲ್ಲೆಗಳನ್ನು ಕ್ಯಾಮ್‌ಶಾಫ್ಟ್ ಬಿಚ್ಚದೆಯೇ ಬದಲಿಸುವಂತೆ ಇಟ್ಟದ್ದರಲ್ಲಿ ಮಾಮೂಲಿ ಮೆಕ್ಯಾನಿಕ್ಕಿನ ಮೇಲೆ ಅವನಿಗಿದ್ದ ಕರುಣೆ ಕಾಣುತ್ತದೆ. ಬೆಲ್ಟಿನ ವಿಷಯದಲ್ಲಿ ಮಾತ್ರ ಕರುಣೆ ಇಲ್ಲ. ಅವಧಿ ಮೀರಿಸಿ ಅದು ಹರಿದರೆ ವಾಲ್ವುಗಳು ಒಂದಕ್ಕೊಂದು ಗುದ್ದಾಡಿ ಸಾಯುತ್ತವೆ. ಹಾಗಾಗಿ ಬೆಲ್ಟ್ ಬದಲಿಸಬೇಕಾದ ತಾರೀಖು ನನಗೆ ಮದುವೆಯ ತಾರೀಖಿಗಿಂತ ಚೆನ್ನಾಗಿ ನೆನಪಿರುತ್ತದೆ.

ಇನ್ನು ಓಡಿಸುವುದು. ಬೆಳಿಗ್ಗೆ ತಣ್ಣಗಿರುವಾಗ ಆಕ್ಸಿಲರೇಟರ್ ಪೆಡಲನ್ನು ಒತ್ತಿ ಬಿಟ್ಟು ಆಮೇಲೆ ಕೀ ತಿರುಗಿಸಬೇಕು. ಗೇರ್‌ಬಾಕ್ಸಿನ ಎಣ್ಣೆ ಬಿಸಿಯಾಗುವವರೆಗೆ ಎರಡನೆಯ ಗೇರನ್ನು ಕೇಳಿ ಹಾಕಬೇಕು, ನೂಕಬಾರದು. ಪವರ್ ಸ್ಟಿಯರಿಂಗ್ ಇಲ್ಲದ್ದರಿಂದ ಪಾರ್ಕಿಂಗ್ ಎಂದರೆ ರಟ್ಟೆಗೆ ಕಸರತ್ತು. ಸ್ಟಿಯರಿಂಗ್ ಚಕ್ರ ಎಟುಕದಷ್ಟು ದೂರ, ಪೆಡಲ್ಲು ಮಂಡಿಗೆ ತಾಗುವಷ್ಟು ಹತ್ತಿರ; ಆ ಕಾಲದ ಇಟಾಲಿಯನ್ ಕಾರುಗಳು ಕೈ ಉದ್ದ, ಕಾಲು ಗಿಡ್ಡ ಇರುವವರಿಗೆ ಮಾಡಿದವು ಎಂಬ ದೂರು ಹಳೆಯದು. ನಮ್ಮ ವಂಶದ ಮೈಕಟ್ಟಿಗೆ ಅದು ಹೇಳಿ ಮಾಡಿಸಿದಂತಿದೆ.

280ನೇ ಹೆದ್ದಾರಿಯಲ್ಲಿ ಇದು ಬರೀ ಗದ್ದಲ. ಗಾಳಿ, ಲಾರಿ, ಟೈರು. ಪಕ್ಕದಲ್ಲಿ ಕೂತವಳ ಮಾತು ಕೇಳಿಸುವುದಿಲ್ಲ, ಕೇಳಿಸಿದರೂ ಹಾಗೆ ಹೇಳಲು ಅವಕಾಶವಿದೆ. ವುಡ್‌ಸೈಡಿನಿಂದ 84ನೇ ರಸ್ತೆ ಹಿಡಿದು ರೆಡ್‌ವುಡ್ ಮರಗಳ ನಡುವೆ ಏರತೊಡಗಿದಾಗ ಇದರ ವರಸೆ ಬದಲಾಗುತ್ತದೆ. ಮೂರನೆಯ ಗೇರು, ಗಂಟೆಗೆ ಮೂವತ್ತೋ ಮೂವತ್ತೈದೋ ಮೈಲಿ. ಮುಳ್ಳು ಮೇಲೇರುತ್ತಿದ್ದಂತೆ ಎಂಜಿನ್ನಿನ ಗೊಗ್ಗರು ದನಿ ಮಧ್ಯದಲ್ಲೆಲ್ಲೋ ಶ್ರುತಿ ಹಿಡಿಯುತ್ತದೆ. ತಿರುವಿಗೆ ಮುಂಚೆ ಬ್ರೇಕು, ನಾಲ್ಕೂ ಚಕ್ರಕ್ಕೆ ಡಿಸ್ಕ್. ಎರಡನೆಯ ಗೇರಿಗೆ ಇಳಿಸುವಾಗ ಹಿಮ್ಮಡಿಯಿಂದ ಆಕ್ಸಿಲರೇಟರಿಗೆ ಒಂದು ಒತ್ತು. ಸ್ಟಿಯರಿಂಗಿನ ನಡುವಿನ ಸಣ್ಣ ಸಡಿಲವನ್ನು ದಾಟಿಸಿ ಮೂತಿಯನ್ನು ಒಳಕ್ಕೆ ತಿರುಗಿಸಿದರೆ ಕಾರು ಮೊದಲು ವಾಲಿ, ಆಮೇಲೆ ಒಪ್ಪುತ್ತದೆ. ನೂರು ಅಶ್ವಶಕ್ತಿಯೂ ಇಲ್ಲ. ಇರುವಷ್ಟನ್ನು ಪೂರ್ತಿ ಬಳಸಿದರೂ ಪೊಲೀಸರು ತಿರುಗಿ ನೋಡದಷ್ಟು ವೇಗ. ಸ್ನೇಹಿತನೊಬ್ಬನ ಹೊಸ ಜರ್ಮನ್ ಕಾರನ್ನು ಇದೇ ರಸ್ತೆಯಲ್ಲಿ ಓಡಿಸಿದ್ದೇನೆ. ಅದು ಇಡೀ ದಾರಿ ತನ್ನ ಶಕ್ತಿಯನ್ನು ಅದುಮಿಕೊಂಡೇ ಬಂತು, ನನಗೆ ಬೇಜಾರಾಗುತ್ತದೇನೋ ಎಂಬಂತೆ. ಸ್ಪೈಡರಿಗೆ ಆ ಸಂಕೋಚವಿಲ್ಲ. ತಿಂಗಳ ಸಂಬಳದವರಿಗೆ ಮಾಡಿದ ಕಾರು, ತಿಂಗಳ ಸಂಬಳದವರು ಹೋಗುವ ವೇಗದಲ್ಲೇ ತನ್ನಲ್ಲಿರುವುದನ್ನೆಲ್ಲ ಕೊಡುತ್ತದೆ.

ಮಂಜು ಇಳಿದರೆ ತಲೆಯ ಮೇಲೆ ಬಟ್ಟೆಯ ಹುಡ್ ಎಳೆಯುವುದು ಸುಲಭ: ಕೂತಲ್ಲಿಂದಲೇ ಒಂದು ಕೈ ಹಿಂದಕ್ಕೆ ಚಾಚಿದರೆ ಬಂದುಬಿಡುತ್ತದೆ. ಆ ಕಾಲದ ಇಂಗ್ಲಿಷ್ ಕಾರುಗಳವರು ಇಳಿದು, ಕಂಬಿ ಸಿಕ್ಕಿಸಿ, ಗುಂಡಿ ಹಾಕುವಷ್ಟರಲ್ಲಿ ನೆನೆದು ತೊಪ್ಪೆಯಾಗಿರುತ್ತಿದ್ದರು.

1975ನೇ ಇಸವಿಯದೇ ಬೇಕೆಂದು ಹುಡುಕಿದ್ದಕ್ಕೆ ಕಾವ್ಯಮಯ ಕಾರಣವೇನೂ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 1975ರವರೆಗಿನ ಪೆಟ್ರೋಲ್ ಕಾರುಗಳಿಗೆ ಹೊಗೆ ಪರೀಕ್ಷೆ ಮಾಫಿ. 76ರದಾದರೆ ಎರಡು ವರ್ಷಕ್ಕೊಮ್ಮೆ ಹೋಗಿ ಕೈಕಟ್ಟಿ ನಿಲ್ಲಬೇಕು. ವಾರವಿಡೀ ಕ್ಯಾಲ್‌ಟ್ರೇನಿನಲ್ಲಿ ಓಡಾಡಿ ಶನಿವಾರ ಇದರ ಹೊಗೆ ಬಿಡುವುದನ್ನು ನಮ್ಮ ಮಗಳು ಲೆಕ್ಕ ಹಾಕಿ ತೋರಿಸುತ್ತಾಳೆ. ಅವಳ ಲೆಕ್ಕ ಸರಿಯಾಗಿಯೇ ಇರುತ್ತದೆ.

ಆಗಸ್ಟ್ ಬಂದರೆ ಮಾಂಟೆರೆಯ ಕಡೆ ಕಾರುಗಳ ಜಾತ್ರೆ. ಪೆಬಲ್ ಬೀಚಿನಲ್ಲಿ ಕೋಟಿಗಟ್ಟಲೆ ಬಾಳುವ ಕಾರುಗಳು ಹುಲ್ಲಿನ ಮೇಲೆ ನಿಲ್ಲುತ್ತವೆ. ಇಟಲಿಯವಕ್ಕೆಂದೇ ಕಾನ್ಕೋರ್ಸೋ ಇಟಾಲಿಯಾನೋ ಇದೆ. ಅಲ್ಲಿ ಫೆರಾರಿಗಳ ಸಾಲಿನ ಪಕ್ಕದಲ್ಲಿ ನಾನು ಬಾನೆಟ್ ಎತ್ತಿದರೆ ಲಾಂಪ್ರೆದಿಯ ಹೆಸರು ಗೊತ್ತಿರುವ ಯಾರಾದರೊಬ್ಬರು ಬಂದಾರು, ಉಳಿದವರು ದಾಟಿ ಹೋದಾರು. ಇನ್ನೊಂದು ಕಡೆ, ಸೀಸೈಡ್ ಊರಿನಲ್ಲಿ, ಲೋಕದ ಕೆಟ್ಟ ಕಾರುಗಳಿಗೆಂದೇ ತಮಾಷೆಗೆ ನಡೆಸುವ ಕಾನ್ಕೂರ್ ಡಿ ಲೆಮನ್ಸ್ ಉಂಟು. ಎರಡರ ಅರ್ಜಿಯನ್ನೂ ತೆರೆದಿಟ್ಟುಕೊಂಡು ಯೋಚಿಸುತ್ತಿದ್ದಾಗ ಶಿವಮೊಗ್ಗದಿಂದ ಫೋನು ಬಂತು. ವಿಷಯ ಹೇಳಿದೆ. ದೊಡ್ಡಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. ‘ಎರಡನೆಯದಕ್ಕೇ ಹೋಗು, ಪ್ರೈಜ್ ಬಂದರೂ ಬರಬಹುದು’ ಅಂದರು. ಆಮೇಲೆ, ತಮ್ಮ ಕಾರಿನ ಫೋಟೋ ಕಳಿಸಿದರೆ ಅದನ್ನೂ ಸೇರಿಸಿಕೊಳ್ಳುತ್ತಾರೋ ವಿಚಾರಿಸು ಎಂದರು.