ಉಣ್ಣದೆ ಮಲಗಿದ ಮಕ್ಕಳು

ಬಿಹಾರದ ಮುಜಫ್ಫರ್‌ಪುರ ಲಿಚಿ ಹಣ್ಣಿಗೆ ಹೆಸರಾದ ಜಿಲ್ಲೆ. ಮೇ ತಿಂಗಳ ನಡುವಿನಿಂದ ಜೂನ್‌ವರೆಗೆ ಅಲ್ಲಿನ ತೋಟಗಳೆಲ್ಲ ಕೆಂಪೇರಿ ನಿಂತಿರುತ್ತವೆ. ಆದರೆ 1995ರಿಂದೀಚೆಗೆ ಅದೇ ದಿನಗಳ ಬೆಳಗಿನ ಜಾವವೆಂದರೆ ಸುತ್ತಲ ಹಳ್ಳಿಗಳ ತಾಯಂದಿರಿಗೆ ಎದೆ ನಡುಕ. ಸಂಜೆಯವರೆಗೆ ತೋಟದಲ್ಲಿ ಆಡಿ ಬಂದು ಮಲಗಿದ ಮಗು, ಕೋಳಿ ಕೂಗುವ ಹೊತ್ತಿಗೆ ಚೀರಿ ಕೈಕಾಲು ಸೆಟೆದುಕೊಳ್ಳುತ್ತಿತ್ತು. ಫಿಟ್ಸ್ ಬಂದು ಪ್ರಜ್ಞೆ ತಪ್ಪುತ್ತಿತ್ತು. 2014ರ ಬೇಸಿಗೆಯಲ್ಲಿ ಅಲ್ಲಿನ ಎರಡು ಆಸ್ಪತ್ರೆಗಳಿಗೆ ಹೀಗೆ ಬಂದ 390 ಮಕ್ಕಳಲ್ಲಿ 122 ಮಂದಿ ಉಳಿಯಲಿಲ್ಲ.

ಊರ ಜನ ಅದನ್ನು ‘ಚಮ್ಕಿ ಬುಖಾರ್’ ಎಂದು ಕರೆದರು. ವೈದ್ಯರು ಮೆದುಳು ಜ್ವರವಿರಬೇಕೆಂದು ವರ್ಷಗಟ್ಟಲೆ ವೈರಸ್ಸಿಗಾಗಿ ಹುಡುಕಿದರು. ಸೊಳ್ಳೆ, ಕೀಟನಾಶಕ, ಬಿಸಿಲು ಎಲ್ಲದರ ಮೇಲೂ ಗುಮಾನಿ. ಆದರೆ ಅನೇಕ ಮಕ್ಕಳಿಗೆ ಜ್ವರವೇ ಇರಲಿಲ್ಲ! ಭಾರತ ಮತ್ತು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಗಳ ತಜ್ಞರು ಸೇರಿ ರಕ್ತದ ಸಕ್ಕರೆ ನೋಡಿದಾಗ ಗುಟ್ಟು ಬಯಲಾಗತೊಡಗಿತು. ಪರೀಕ್ಷೆಗೆ ಒಳಗಾದ 327 ಮಕ್ಕಳಲ್ಲಿ 204 ಮಂದಿಗೆ, 100 ಮಿ.ಲೀ. ರಕ್ತದಲ್ಲಿ ಇದ್ದ ಸಕ್ಕರೆ 70 ಮಿಲಿಗ್ರಾಂ ಅಥವಾ ಅದಕ್ಕೂ ಕಡಿಮೆ.

ಸಕ್ಕರೆ ಇಳಿದರೆ ಮೆದುಳೇ ಏಕೆ ಕೆಡಬೇಕು? ವಯಸ್ಕರ ಮೆದುಳಿನ ತೂಕ ದೇಹದ ನೂರರಲ್ಲಿ ಎರಡು ಪಾಲು. ಅದು ಬಳಸುವ ಶಕ್ತಿ ಮಾತ್ರ ಸುಮಾರು ಇಪ್ಪತ್ತು ಪಾಲು. ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಇಷ್ಟು ದೊಡ್ಡ ಹೊಟ್ಟೆಬಾಕನ ಮನೆಯಲ್ಲಿ ಕಣಜವೇ ಇಲ್ಲವೆಂಬುದು ಸೋಜಿಗ. ಇಡೀ ರಕ್ತದಲ್ಲಿರುವ ಗ್ಲೂಕೋಸೂ ಒಂದು ಟೀ ಚಮಚದಷ್ಟು, ಅಂದರೆ ಐದು ಗ್ರಾಮಿನಷ್ಟೇ. ಹಾಗಾಗಿ ಗಳಿಗೆ ಗಳಿಗೆಗೂ ಕಡ ತರಬೇಕು. ಕಡ ಕೊಡುವ ಸಾಹುಕಾರ ಯಕೃತ್ತು. ಉಂಡ ಅನ್ನದ ಒಂದಷ್ಟು ಪಾಲನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟು, ರಾತ್ರಿಯೆಲ್ಲ ಅಳೆದು ಅಳೆದು ರಕ್ತಕ್ಕೆ ಬಿಡುತ್ತದೆ.

ಸಕ್ಕರೆ 70ರ ಆಸುಪಾಸಿಗೆ ಇಳಿದಾಗ ದೇಹ ಗಂಟೆ ಬಾರಿಸುತ್ತದೆ. ಅಡ್ರಿನಲಿನ್ ಸುರಿಯುತ್ತದೆ. ಕೈ ನಡುಗುತ್ತದೆ, ಬೆವರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಿಪರೀತ ಹಸಿವು. ಇವೆಲ್ಲ ನರಮಂಡಲ ಕೂಗಿ ಹೇಳುವ ಎಚ್ಚರಿಕೆಗಳು. ಐವತ್ತರ ಆಸುಪಾಸಿಗೆ ಬಂದರೆ ಮೆದುಳೇ ತಡವರಿಸುತ್ತದೆ. ಮಾತು ತೊದಲುತ್ತದೆ, ಲೆಕ್ಕ ತಪ್ಪುತ್ತದೆ, ಸಾಧು ಸ್ವಭಾವದವರೂ ಸುಮ್ಮಸುಮ್ಮನೆ ರೇಗುತ್ತಾರೆ. ಇನ್ನೂ ಇಳಿದರೆ ಸೆಳವು, ಮೂರ್ಛೆ. ನಿದ್ದೆಯಲ್ಲಿರುವ ಮಗುವಿಗೆ ಮೊದಲಿನ ಗಂಟೆ ಕೇಳಿಸುವುದಾದರೂ ಹೇಗೆ?

ಮಕ್ಕಳಲ್ಲಿ ಇನ್ನೊಂದು ತೊಡಕಿದೆ. ಐದು ವರ್ಷದ ಮಗು ಸುಮ್ಮನೆ ಮಲಗಿದ್ದಾಗಲೂ ಅದರ ದೇಹ ಬಳಸುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮೆದುಳಿಗೇ ಹೋಗುತ್ತದೆ. ಕೂಡಿಡುವ ಯಕೃತ್ತೋ ಚಿಕ್ಕದು. ಉಣ್ಣದೆ ಮಲಗಿದ ಬಡಕಲು ಮಗುವಿನಲ್ಲಿ ಈ ಕಣಜ ನಡುರಾತ್ರಿಗೇ ಬರಿದಾಗಬಹುದು. ಆಗಲೂ ದೇಹ ಕೈಚೆಲ್ಲುವುದಿಲ್ಲ. ಕೊಬ್ಬನ್ನು ಉರಿಸಿ, ಅದರ ಬಲದಿಂದ ಹೊಸ ಗ್ಲೂಕೋಸ್ ತಯಾರಿಸುತ್ತದೆ. ಕೊಬ್ಬಿನಿಂದ ಹುಟ್ಟುವ ಕೀಟೋನುಗಳೂ ಮೆದುಳಿಗೆ ಪರ್ಯಾಯ ಉರುವಲಾಗುತ್ತವೆ.

ಲಿಚಿ ಕೈ ಹಾಕುವುದು ಇಲ್ಲೇ. ಮಲೆನಾಡಿನ ಅಜ್ಜಿಯರು ತಲೆ ತೊಳೆಯುತ್ತಿದ್ದ ಅಂಟುವಾಳ ಮತ್ತು ಈ ಲಿಚಿ ಒಂದೇ ಕುಟುಂಬದ ಮರಗಳು. ಜಮೈಕಾ ದೇಶದ ಅಕೀ ಹಣ್ಣೂ ಇವುಗಳ ನೆಂಟ. ಬಲಿಯದ ಅಕೀ ತಿಂದವರು ವಾಂತಿಯಾಗಿ, ಸಕ್ಕರೆ ಇಳಿದು ಸಾಯುತ್ತಿದ್ದುದಕ್ಕೆ ಹೈಪೋಗ್ಲೈಸಿನ್ ಎಂಬ ವಿಷ ಕಾರಣವೆಂದು 1950ರ ದಶಕದಲ್ಲೇ ಗೊತ್ತಾಗಿತ್ತು. ಲಿಚಿಯಲ್ಲೂ ಅದು ಮತ್ತು ಅದರ ಸೋದರ ವಸ್ತುವೊಂದು ಇವೆ. ಕಾಯಿಯಲ್ಲಿ ಹೆಚ್ಚು, ಹಣ್ಣಿನಲ್ಲಿ ಕಡಿಮೆ. ಇವು ಕೊಬ್ಬು ಉರಿಯುವುದನ್ನೇ ತಡೆಯುತ್ತವೆ. ಅಲ್ಲಿಗೆ ಗ್ಲೂಕೋಸೂ ಇಲ್ಲ, ಕೀಟೋನೂ ಇಲ್ಲ.

ಹೊಟ್ಟೆ ತುಂಬ ಉಂಡ ಮಗುವಿಗೆ ಅದೇ ಹಣ್ಣು ಸಾಮಾನ್ಯವಾಗಿ ಏನೂ ಮಾಡದು. 2014ರ ಅಧ್ಯಯನದಲ್ಲಿ ಲಿಚಿ ತಿಂದವರಿಗೆ ಅಪಾಯ ಹೆಚ್ಚಿತ್ತು; ಲಿಚಿ ತಿಂದು ರಾತ್ರಿ ಊಟ ಬಿಟ್ಟವರಿಗೆ ಇನ್ನೂ ಹೆಚ್ಚು. ಬಿದ್ದ ಕಾಯಿಗಳನ್ನು ಆರಿಸಿ ತಿಂದು ಹೊಟ್ಟೆ ತುಂಬಿಸಿಕೊಂಡು, ‘ಊಟ ಬೇಡ’ ಎಂದು ಮಲಗಿದ ಮಕ್ಕಳವು. ಎಬ್ಬಿಸಿ ಉಣಿಸೋಣವೆಂದರೆ ಎಷ್ಟೋ ಗುಡಿಸಲುಗಳಲ್ಲಿ ಪಾತ್ರೆಯೂ ಖಾಲಿ. ಇದನ್ನು ಹಣ್ಣಿನ ವಿಷ ಎನ್ನುವುದಕ್ಕಿಂತ ಹಸಿವಿನ ರೋಗ ಎನ್ನುವುದೇ ಸರಿ.

ಆಮೇಲೆ ಹಳ್ಳಿಹಳ್ಳಿಗೆ ಹೋದ ಸಲಹೆ ಬಹಳ ಸರಳ: ಮಕ್ಕಳು ಹೆಚ್ಚು ಲಿಚಿ ತಿನ್ನದಿರಲಿ, ಉಣ್ಣದೆ ಮಲಗದಿರಲಿ, ಫಿಟ್ಸ್ ಬಂದವರಿಗೆ ಕೂಡಲೇ ರಕ್ತ ಪರೀಕ್ಷಿಸಿ ಗ್ಲೂಕೋಸ್ ಕೊಡಿ. ಮುಂದಿನ ಕೆಲವು ವರ್ಷ ಸಾವು ಬಹಳ ಇಳಿಯಿತು. 2019ರ ಬೇಸಿಗೆಯಲ್ಲಿ ಮತ್ತೆ ನೂರಕ್ಕೂ ಹೆಚ್ಚು ಮಕ್ಕಳು ಸತ್ತರು. ಲಿಚಿಯೊಂದೇ ಕಾರಣವಲ್ಲ, ಸುಡುಬಿಸಿಲಿನ ಪಾಲೂ ಇದೆ ಎನ್ನುವ ತಜ್ಞರಿದ್ದಾರೆ. ಖಾಲಿ ಹೊಟ್ಟೆಯ ಅಪಾಯವೇನೂ ಅದರಿಂದ ಕಡಿಮೆಯಾಗದು.

ಇದನ್ನೋದಿ ಪರೀಕ್ಷೆಗೆ ಓದುವ ಮಕ್ಕಳ ಬಾಯಿಗೆ ಗ್ಲೂಕೋಸ್ ಪುಡಿ ಸುರಿಯಲು ಹೊರಡಬೇಕಿಲ್ಲ. ಆರೋಗ್ಯವಂತ ಹುಡುಗ ಒಂದು ದಿನ ತಿಂಡಿ ಬಿಟ್ಟರೆ ಹಸಿವು, ಸಿಡುಕು ಬಂದೀತು, ಮೆದುಳು ನಿಲ್ಲುವುದಿಲ್ಲ. ಶಾಲೆಯ ಪ್ರಾರ್ಥನೆಯಲ್ಲಿ ತಲೆ ಸುತ್ತಿ ಬೀಳುವವರಲ್ಲೂ ಹೆಚ್ಚಿನವರದು ನಿಂತು ನಿಂತು ರಕ್ತದೊತ್ತಡ ಇಳಿದ ಬಾಧೆ. ಎಚ್ಚರ ಬೇಕಾದದ್ದು ಇನ್ಸುಲಿನ್ ತೆಗೆದುಕೊಳ್ಳುವ ಮಕ್ಕಳ ಬಗ್ಗೆ. ಚುಚ್ಚಿಕೊಂಡು ಊಟ ತಡವಾದರೆ, ಆಟ ಅತಿಯಾದರೆ ಅವರಿಗೆ ಸಕ್ಕರೆ ಇಳಿಯುತ್ತದೆ. ತರಗತಿಯಲ್ಲಿ ಅಂಥ ಹುಡುಗಿ ಬೆವರುತ್ತ ಏನೇನೋ ಉತ್ತರ ಕೊಟ್ಟರೆ ಗದರುವ ಮೊದಲು ಮೂರು ಟೀ ಚಮಚ ಸಕ್ಕರೆ ಕದಡಿದ ನೀರು ಕುಡಿಸಬೇಕು. ಚಾಕೊಲೇಟ್ ಬೇಡ, ಅದರಲ್ಲಿನ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡ. ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಇನ್ನೊಮ್ಮೆ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕದೆ, ಮಗ್ಗುಲಿಗೆ ಮಲಗಿಸಿ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.