ಒಗ್ಗರಣೆ ನಿಷಿದ್ಧ

ಮೀರಾ ಮೆಸಾದಲ್ಲಿ ಗರಾಜು ಇರುವುದು ಕಾರು ನಿಲ್ಲಿಸುವುದಕ್ಕಲ್ಲ. ಕಾರುಗಳೆಲ್ಲ ಬೀದಿಯಲ್ಲೋ ಮನೆಮುಂದಿನ ಇಳಿಜಾರಿನಲ್ಲೋ ಬಿಸಿಲು ಕಾಯಿಸಿಕೊಂಡು ನಿಂತಿರುತ್ತವೆ. ಗರಾಜಿನೊಳಗೆ ಸೋನಾ ಮಸೂರಿ ಮೂಟೆ, ದಸರೆ ಗೊಂಬೆಗಳ ಪೆಟ್ಟಿಗೆ, ಮಕ್ಕಳಿಗೆ ಚಿಕ್ಕದಾದ ಸೈಕಲ್ಲು, ಊರಿಂದ ಬಂದುಹೋದವರು ಬಿಟ್ಟ ಚಕ್ರ ಮುರಿದ ಸೂಟ್‌ಕೇಸು, ಮೂಲೆಯಲ್ಲಿ ಗೊರಗೊರ ಎನ್ನುವ ಗ್ಯಾಸಿನ ವಾಟರ್ ಹೀಟರು. ಸ್ಯಾನ್ ಡಿಯೇಗೋದ ಉತ್ತರ ಭಾಗದ ಈ ಬಡಾವಣೆ ಎದ್ದದ್ದು 1970ರ ಆಸುಪಾಸಿನಲ್ಲಿ. ಪಕ್ಕದಲ್ಲೇ ಮಿರಮಾರ್ ವಿಮಾನನೆಲೆ; ಸಿನಿಮಾದಿಂದ ಜಗತ್ಪ್ರಸಿದ್ಧವಾದ ಟಾಪ್ ಗನ್ ಶಾಲೆ 1996ರವರೆಗೂ ಅಲ್ಲೇ ಇತ್ತು. ಅಮೆರಿಕದ ನೌಕಾಪಡೆಯಲ್ಲಿ ದುಡಿದ ಫಿಲಿಪಿನೋ ಕುಟುಂಬಗಳು ಇಲ್ಲಿ ಎಷ್ಟು ಮಂದಿಯೆಂದರೆ ಊರಿಗೆ ಮನಿಲಾ ಮೆಸಾ ಎಂಬ ಅಡ್ಡಹೆಸರೇ ಇದೆ. ಆಮೇಲೆ ಸೊರೆಂಟೋ ವ್ಯಾಲಿಯ ಕಂಪನಿಗಳನ್ನು ನಂಬಿಕೊಂಡು ನಾವು ಬಂದೆವು. ಬ್ಲ್ಯಾಕ್ ಮೌಂಟನ್ ರಸ್ತೆಯಲ್ಲಿ ಈಗ ಕರಿಬೇವೂ ಸಿಗುತ್ತದೆ, ಹುರಿಹಿಟ್ಟೂ ಸಿಗುತ್ತದೆ.

ನಮ್ಮ ಗರಾಜಿನಲ್ಲಿ ಮಾತ್ರ ಕಾರಿದೆ. ಅಕ್ಕಿಮೂಟೆ ಹಜಾರಕ್ಕೆ ಬಂತು, ಗೊಂಬೆಗಳು ಮಗಳ ಕೋಣೆಯ ಮಂಚದಡಿ ಸೇರಿದವು, ನಮ್ಮ ಯಜಮಾನರ 1966ರ ಫೋರ್ಡ್ ಮಸ್ಟಾಂಗ್ ಒಳಗೆ ಹೋಯಿತು. ತಂದಾಗ ಅದಕ್ಕೆ ಕೆಂಪು ಬಣ್ಣವಿತ್ತು. ಬಣ್ಣ ಎನ್ನುವುದಕ್ಕಿಂತ ಬಿಸಿಲು ತಿಂದು ಉಳಿಸಿದ್ದು ಎನ್ನಬಹುದು. ಕ್ಯಾಲಿಫೋರ್ನಿಯಾದ ಕಾರುಗಳ ಗುಣವೇ ಅದು. ಇಲ್ಲಿ ಹಿಮವಿಲ್ಲ, ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವುದಿಲ್ಲ, ಆದ್ದರಿಂದ ತಗಡು ಗಟ್ಟಿ. ಚರ್ಮ ಮಾತ್ರ ಸುಟ್ಟಿರುತ್ತದೆ. 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲು ಕಾರುಗಳಿಗೆ ಹೊಗೆ ತಪಾಸಣೆಯ ವಿನಾಯಿತಿಯೂ ಇದೆ. ಹೀಗಾಗಿ ಈ ರಾಜ್ಯದಲ್ಲಿ ಹಳೆಯ ಕಾರಿನ ಹುಚ್ಚು ಹಿಡಿಸಿಕೊಳ್ಳುವುದು ಸುಲಭ, ಬಿಡಿಸಿಕೊಳ್ಳುವುದು ಕಷ್ಟ.

ಚಾಲಕನ ಬಾಗಿಲ ಅಂಚಿನಲ್ಲಿ ಒಂದು ಪುಟ್ಟ ತಗಡಿನ ಫಲಕವಿದೆ. ಹಳೇ ಮಸ್ಟಾಂಗಿಗೆ ಅದೇ ಜಾತಕ. ನಂಬರಿನ ಎರಡನೆಯ ಅಕ್ಷರ ಆರ್. ಅಂದರೆ ಸ್ಯಾನ್ ಹೋಸೆ ಕಾರ್ಖಾನೆಯ ಕೂಸು. ಬಣ್ಣದ ಜಾಗದಲ್ಲಿ ಎಫ್, ಅಂದರೆ ಅರ್ಕೇಡಿಯನ್ ಬ್ಲೂ. ಸ್ಯಾನ್ ಹೋಸೆ ಎನ್ನುವುದು ಹೆಸರಿಗೆ. ಕಾರ್ಖಾನೆ ಇದ್ದದ್ದು ಪಕ್ಕದ ಮಿಲ್ಪಿಟಾಸಿನಲ್ಲಿ, 1955ರಿಂದ 1983ರವರೆಗೆ. 1994ರಲ್ಲಿ ಅದೇ ಕಟ್ಟಡ ಗ್ರೇಟ್ ಮಾಲ್ ಆಯಿತು. ಬೇ ಏರಿಯಾದ ಕನ್ನಡಿಗರಲ್ಲಿ ಅಲ್ಲಿ ಚಪ್ಪಲಿ ಕೊಳ್ಳದವರು ಯಾರಿದ್ದಾರೆ? ನನ್ನ ನಾದಿನಿಯಂತೂ ವಾರಕ್ಕೊಮ್ಮೆ ಹೋಗುತ್ತಾಳೆ. ಅವಳಣ್ಣನ ಕಾರು ಹುಟ್ಟಿದ್ದು ಅವಳ ರಿಯಾಯಿತಿ ಅಂಗಡಿಗಳ ಜಾಗದಲ್ಲೇ ಎಂದು ತಿಳಿಸಿದಾಗ, "ಆ ಕಾರೂ ಸೇಲ್‌ನಲ್ಲಿ ಸಿಕ್ಕಿತಾ?" ಎಂದು ಕೇಳಿದಳು. ಕಾರ್ಖಾನೆಗಳ ಹಣೆಬರಹವೇ ಹೀಗೆ. 1930ರ ದಶಕದಲ್ಲಿ ಬೆಂಗಳೂರಿನಲ್ಲಿ ಕಾರು ತಯಾರಾಗಬೇಕೆಂದು ವಿಶ್ವೇಶ್ವರಯ್ಯನವರು ಪಟ್ಟ ಪಾಡು ಸಣ್ಣದಲ್ಲ. ಕೊನೆಗೆ ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಕಂಪನಿ 1944ರಲ್ಲಿ ಹುಟ್ಟಿದ್ದು ಮುಂಬೈಯಲ್ಲಿ. ನಮ್ಮ ಮಾವನವರ ಫಿಯಟ್ಟು ಬಂದದ್ದು ಅಲ್ಲಿಂದಲೇ.

ಆ ಫಿಯಟ್ಟಿನ ಮಾತು ಬಂದದ್ದರಿಂದ ಹೇಳುತ್ತೇನೆ. ಮೈಸೂರಿನಲ್ಲಿ ಅದಕ್ಕೆ ಕೆಲವು ವರ್ಷಕ್ಕೊಮ್ಮೆ, ಆಯುಧಪೂಜೆ ಹತ್ತಿರ ಬಂದಾಗ, ಟಿಂಕರಿಂಗು ಪೇಂಟಿಂಗು ಆಗುತ್ತಿತ್ತು. ಮರದ ಕೆಳಗೆ ಕಾರು, ಗಾಜುಗಳಿಗೆಲ್ಲ ಹಳೆಯ ಪ್ರಜಾವಾಣಿ, ಕುಕ್ಕರಗಾಲಲ್ಲಿ ಕುಳಿತ ಇಬ್ಬರು ಹುಡುಗರು. ಒಬ್ಬ ಸ್ಪಂಜು ಹಿಂಡಿ ನೀರು ಬಿಡುತ್ತಿದ್ದ, ಇನ್ನೊಬ್ಬ ಎಮರಿ ಪೇಪರಿನಲ್ಲಿ ಉಜ್ಜುತ್ತಿದ್ದ. ಸಂಜೆಯ ಹೊತ್ತಿಗೆ ಅವರ ಬೆರಳ ತುದಿಗಳು ನೀರಲ್ಲಿ ನೆನೆದು ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಮೇಸ್ತ್ರಿ ಮೂಗಿಗೆ ಕರ್ಚೀಫು ಕಟ್ಟಿಕೊಂಡು ಗನ್ನು ಹಿಡಿದರೆ ಇಡೀ ಬೀದಿಗೆ ಥಿನ್ನರಿನ ವಾಸನೆ. ಮಾವನವರು ಕುರ್ಚಿ ಹಾಕಿಸಿಕೊಂಡು ಕುಳಿತು ಕೂಲಿಯಲ್ಲಿ ಎಷ್ಟು ಇಳಿಸಬಹುದೆಂದು ಲೆಕ್ಕ ಹಾಕುತ್ತಿದ್ದರಂತೆ. ಎಂಜಿನಿಯರಿಂಗ್ ಓದುತ್ತಿದ್ದ ಮಗ ಅಲ್ಲಿಗೆ ಕಾಫಿ ತಂದುಕೊಟ್ಟದ್ದುಂಟು. ಎಮರಿ ಪೇಪರು ಮುಟ್ಟಿದ್ದಿಲ್ಲ. ಮುಟ್ಟಿದ್ದರೆ ನಮ್ಮತ್ತೆ ಎದೆ ಬಡಿದುಕೊಳ್ಳುತ್ತಿದ್ದರು.

ಈಗ ಅದೇ ಮಗ ಮೈತುಂಬ ಬೂದಿಬಣ್ಣದ ಪುಡಿ ಮೆತ್ತಿಕೊಂಡು, ಎಂಬತ್ತರ ಕಾಗದ, ನೂರೆಂಬತ್ತರ ಕಾಗದ, ಮುನ್ನೂರಿಪ್ಪತ್ತರ ಕಾಗದ ಎಂದು ಜಪ ಮಾಡುತ್ತ, ತನ್ನದೇ ಫೋಟೋ ತೆಗೆದು ಮನೆಯವರ ಗುಂಪಿಗೆಲ್ಲ ಕಳಿಸುತ್ತಾರೆ. ಮೊದಲ ಫೋಟೋ ನೋಡಿದ ಅತ್ತೆ ಕೇಳಿದ್ದು ಒಂದೇ ಮಾತು: "ಯಾಕೋ, ಅಲ್ಲಿ ಆಳು ಸಿಗೋದಿಲ್ವಾ?"

ನಕ್ಕು ಬಿಟ್ಟೆವು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಲ್ಲಿ ಕೂಲಿಯಾದದ್ದು ಇಲ್ಲಿ ಹವ್ಯಾಸವಾಗುವುದಕ್ಕೆ ಬೇಕಾದದ್ದು ಒಂಬತ್ತು ಸಾವಿರ ಮೈಲಿ ದೂರ ಮತ್ತು ಶನಿವಾರದ ರಜ. ಮರದ ಕೆಳಗಿನ ಆ ಹುಡುಗರ ಹೆಸರು ನಮ್ಮ ಯಜಮಾನರಿಗೆ ನೆನಪಿಲ್ಲ, ಮಾವನವರಿಗೂ ಗೊತ್ತಿರಲಿಲ್ಲವೇನೋ. ಅವರ ಕೈಚಳಕ ಎಂಥದಿತ್ತು ಎಂಬುದು ಮಾತ್ರ ಇವರಿಗೆ ಈಗ ಅರ್ಥವಾಗುತ್ತಿದೆ, ಅದೂ ಭುಜ ನೋಯತೊಡಗಿದ ಮೇಲೆ.

ಉಜ್ಜುವುದನ್ನು ಕೂತು ನೋಡಬೇಕು. ಕೆಂಪಿನ ಅಂಚು ಸವೆದಂತೆ ಅದರೊಳಗೊಂದು ಬಿಳಿಯ ಉಂಗುರ ಕಾಣುತ್ತದೆ, ಅದರೊಳಗೆ ಬೂದಿ, ಅದರೊಳಗೆ ತೆಳುನೀಲಿ, ಮತ್ತೆ ಕಾರ್ಖಾನೆಯ ಪ್ರೈಮರು, ನಟ್ಟನಡುವೆ ನಾಣ್ಯದಷ್ಟು ಜಾಗದಲ್ಲಿ ಹೊಳೆಯುವ ಉಕ್ಕು. ಯಾರೋ ಒಮ್ಮೆ ಬಿಳಿ ಬೇಕೆಂದಿದ್ದರು, ಇನ್ಯಾರೋ ಕೆಂಪು ಬೇಕೆಂದಿದ್ದರು. ಬಾಗಿಲ ರಬ್ಬರಿನ ಮೇಲೂ ಕೆಂಪು ಕೂತಿತ್ತು, ಬಳಿದವರಿಗೆ ಅವಸರವಿದ್ದಿರಬೇಕು. ಎಲ್ಲ ಸಮವಾಯಿತು ಎಂದು ಕೈಗೆ ಅನಿಸಿದ ಮೇಲೂ ನಂಬುವಂತಿಲ್ಲ. ಪ್ರೈಮರಿನ ಮೇಲೆ ಕಪ್ಪು ಬಣ್ಣವನ್ನು ಹಗುರವಾಗಿ ಮಂಜಿನಂತೆ ಎರಚಿ, ಉದ್ದನೆಯ ಗಟ್ಟಿ ಹಲಗೆಗೆ ಕಾಗದ ಸುತ್ತಿ ಮತ್ತೆ ಉಜ್ಜುತ್ತಾರೆ. ಉಬ್ಬಿದ ಕಡೆ ಕಪ್ಪು ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಕಣ್ಣಿಗೆ ಕಾಣದ, ಬೆರಳಿಗೂ ಸಿಗದ ತಗ್ಗುಗಳೆಲ್ಲ ಕಪ್ಪು ಚುಕ್ಕೆಗಳಾಗಿ ಎದ್ದು ನಿಲ್ಲುತ್ತವೆ. ನಮ್ಮ ಕಾರಿನ ಎಡಬಾಗಿಲಿನಲ್ಲಂತೂ ಕಪ್ಪೇ ಹೆಚ್ಚಿತ್ತು.

ಬಣ್ಣದ ವಿಷಯದಲ್ಲಿ ಮೈಸೂರಿನವಳಾದ ನನಗೆ ಸ್ವಲ್ಪ ಜಂಭ ಉಂಟು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಅರಗನ್ನು ನೆಚ್ಚಿಕೊಂಡು ಶುರುವಾದ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಕಾರ್ಖಾನೆ 1962ರಿಂದ ದೇಶದ ಮತದಾರರ ಬೆರಳಿಗೆಲ್ಲ ಶಾಯಿ ಹಚ್ಚಿದೆ. ಅಷ್ಟು ಗಟ್ಟಿಯಾಗಿ ಅಂಟುವ ಬಣ್ಣ ನಿಮ್ಮ ಫೋರ್ಡಿಗೆ ಗೊತ್ತಿತ್ತೇ ಎಂದರೆ ಯಜಮಾನರು ಕೇಳಿಸಿಕೊಳ್ಳುವುದಿಲ್ಲ. ಫೋರ್ಡಿನವರು ಎನಾಮಲ್ ಬಳಿದು ಒಲೆಯಲ್ಲಿ ಬೇಯಿಸುತ್ತಿದ್ದರು, ಜನರಲ್ ಮೋಟಾರ್ಸಿನವರು ಲ್ಯಾಕರ್ ಬಳಸುತ್ತಿದ್ದರು ಎಂದು ಪಾಠ ಶುರುಮಾಡುತ್ತಾರೆ. ಆ ಪಾಠದಲ್ಲಿ ನನಗೆ ಹಿಡಿಸಿದ್ದು ಡ್ಯೂಕೋ ಕಥೆ. ಅದಕ್ಕೆ ಮುಂಚೆ ಸಾರೋಟಿನ ಕ್ರಮದಲ್ಲಿ ವಾರ್ನಿಷು ಬಳಿದು ಒಣಗಿಸಲು ವಾರಗಟ್ಟಲೆ ಹಿಡಿಯುತ್ತಿತ್ತು. 1924ರ ಮಾದರಿಯ ಓಕ್‌ಲ್ಯಾಂಡ್ ಕಾರುಗಳಿಗೆ ಡ್ಯುಪಾಂಟ್ ಕಂಪನಿಯ ಡ್ಯೂಕೋ ಬಂದ ಮೇಲೆ ಬೇಗ ಒಣಗುವ ಬಗೆಬಗೆಯ ಬಣ್ಣಗಳ ದಾರಿ ತೆರೆಯಿತು. ಅದೇ ಡ್ಯೂಕೋ ನಮ್ಮೂರಲ್ಲಿ ಕಾರು ದಾಟಿ ಬೀರು, ಮಂಚಗಳಿಗೂ ಹತ್ತಿತು.

ಇಲ್ಲಿ ಕಾರಿಗೆ ಬಣ್ಣ ಹೊಡೆಯುವುದೆಂದರೆ ಗಾಳಿಯ ಲೆಕ್ಕವನ್ನೂ ಕೊಡಬೇಕು. 1943ರ ಜುಲೈಯಲ್ಲಿ ಲಾಸ್ ಏಂಜಲೀಸಿಗೆ ಕಣ್ಣುರಿಯುವ ಹೊಗೆ ಮುತ್ತಿದಾಗ ಜನ ಜಪಾನಿನ ವಿಷಾನಿಲ ದಾಳಿಯೆಂದೇ ಹೆದರಿದ್ದರು. ಅನಾನಸಿನ ಪರಿಮಳದ ರಸಾಯನವನ್ನು ಅಧ್ಯಯನ ಮಾಡುತ್ತಿದ್ದ ಕ್ಯಾಲ್ಟೆಕ್‌ನ ಆರಿ ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿ ಮುಂದೆ ಅದರ ಗುಟ್ಟು ಬಿಡಿಸಿದರು: ಪೆಟ್ರೋಲಿನಂಥ ಆವಿಗಳೂ ವಾಹನದ ಹೊಗೆಯೂ ಬಿಸಿಲಲ್ಲಿ ಬೆರೆತು ಹುಟ್ಟಿದ ಪಿಡುಗು ಅದು. ಥಿನ್ನರಿನ ಆವಿಯೂ ಅದೇ ಕುಲದ್ದು. 2005ರಲ್ಲಿ ರಾಜ್ಯದ ವಾಯು ಮಂಡಳಿ ರೂಪಿಸಿದ ಮಾದರಿ ನಿಯಮದ ಪ್ರಕಾರ ಬಣ್ಣದ ಪದರದಲ್ಲಿ ಲೀಟರಿಗೆ 420 ಗ್ರಾಂ, ಮೇಲಿನ ಪಾರದರ್ಶಕ ಪದರದಲ್ಲಿ 250 ಗ್ರಾಂ ಮೀರಿ ಅಂಥ ಆವಿ ಇರಕೂಡದು. ಹಾಗಾಗಿ ನಮ್ಮ ನೀಲಿ ನೀರಿನಲ್ಲಿ ಕಲೆಸಿದ್ದು. ಮೇಲಿನ ಪದರಕ್ಕೆ ಹಾಕುವ ಗಟ್ಟಿಕಾರಕದಲ್ಲಿ ಐಸೋಸಯನೇಟ್ ಇರುತ್ತದೆ. ವಾಸನೆಯ ಸುಳಿವು ಕೊಡದೆ ಶ್ವಾಸಕೋಶಕ್ಕೆ ಇಳಿದು ಆಸ್ತಮಾ ತರಬಲ್ಲದು. ಅದಕ್ಕೆ ಯಜಮಾನರಿಗೆ ಹಿತ್ತಲಿನಿಂದ ಕೊಳವೆಯಲ್ಲಿ ತಾಜಾ ಗಾಳಿ ತರುವ ಮುಖವಾಡ. ನನಗೆ ಆ ಕರ್ಚೀಫಿನ ಮೇಸ್ತ್ರಿ ನೆನಪಾದರು.

ಇನ್ನು ಮುಹೂರ್ತ. ಮೇ, ಜೂನಿನಲ್ಲಿ ಬೆಳಗಾದರೆ ಸಮುದ್ರದ ಮೋಡ ಛಾವಣಿಯ ಮೇಲೇ ಕುಳಿತಿರುತ್ತದೆ. ತೇವಕ್ಕೆ ನೀರಿನ ಬಣ್ಣ ಒಣಗುವುದಿಲ್ಲ. ಶರತ್ಕಾಲದಲ್ಲಿ ಮರುಭೂಮಿಯ ಕಡೆಯಿಂದ ಸಾಂತಾ ಆನಾ ಬಿಸಿಗಾಳಿ ಧೂಳು ಹೊತ್ತು ಬರುತ್ತದೆ. ಇವೆರಡರ ನಡುವಿನ ಒಂದು ಶನಿವಾರ ಗೊತ್ತಾಯಿತು. ಅಂದು ಮನೆಯಲ್ಲಿ ನಡೆದದ್ದು ನನ್ನ ಅಜ್ಜಿಯ ಮಡಿ, ಅದಕ್ಕಿಂತ ಒಂದು ಕೈ ಮೇಲೆ. ಗರಾಜಿನ ನೆಲ ತೊಳೆದು ಒದ್ದೆಯಾಗಿಟ್ಟರು. ಗೋಡೆಗೆಲ್ಲ ಪ್ಲಾಸ್ಟಿಕ್ ಪರದೆ. ನೂಲೆಳೆ ಉದುರದ ಬಿಳಿ ಅಂಗಿ ತೊಟ್ಟ ಮೇಲೆ ಅವರನ್ನು ಯಾರೂ ಮುಟ್ಟುವಂತಿಲ್ಲ. ಹೀಟರಿನ ಪುಟ್ಟ ಜ್ವಾಲೆಗೆ ಆವಿ ತಾಗಿದರೆ ಮನೆಯೇ ಹಾರೀತೆಂದು ಗ್ಯಾಸು ಬಂದ್. ಆದ್ದರಿಂದ ಎಲ್ಲರಿಗೂ ತಣ್ಣೀರ ಸ್ನಾನ. ಕೊನೆಯ ಆಜ್ಞೆ ನನಗೆ: "ಇವತ್ತು ಒಗ್ಗರಣೆ ಹಾಕಬೇಡ."

ಎಣ್ಣೆಯ ಕಣ ಎಲ್ಲಾದರೂ ಕೂತರೆ ಬಣ್ಣ ಅಲ್ಲಿಂದ ಹಿಂದೆ ಸರಿದು ಗುಂಡನೆಯ ಕುಳಿ ಬೀಳುತ್ತದಂತೆ. ಪೇಂಟರುಗಳು ಅದಕ್ಕೆ ಫಿಶ್ ಐ ಎನ್ನುತ್ತಾರೆ. ಅಡುಗೆಮನೆಗೂ ಗರಾಜಿಗೂ ನಡುವೆ ಇರುವುದು ಒಂದೇ ಬಾಗಿಲು. ಸಾಸಿವೆ ಸಿಡಿದರೆ ಅರ್ಕೇಡಿಯನ್ ಬ್ಲೂ ಕೆಡುತ್ತದೆ ಎಂಬ ಸಿದ್ಧಾಂತ ವೈಜ್ಞಾನಿಕವೇ ಇರಬಹುದು, ಆದರೆ ಒಗ್ಗರಣೆಯಿಲ್ಲದ ಮೊಸರನ್ನ ತಿಂದವಳು ನಾನು. ಊಟದ ಹೊತ್ತಿಗೆ ಮಿರಮಾರಿನಿಂದ ಎದ್ದ ಎಫ್-35 ಒಂದು ಕಿಟಕಿ ಗಾಜು ನಡುಗಿಸಿ ಹೋಯಿತು. ಅದು ಸುಡುವ ಎಣ್ಣೆಗೆ ಯಾರ ಅಡ್ಡಿಯೂ ಇಲ್ಲ.

ಬಣ್ಣವೇನೋ ಚೆನ್ನಾಗಿ ಬಂತು. ತೆಳುನೀಲಿ, ಮೋಡವಿಲ್ಲದ ಹತ್ತು ಗಂಟೆಯ ಆಕಾಶದ್ದು. ಆದರೂ ನನ್ನ ಆಯ್ಕೆಯಾಗಿದ್ದರೆ ಅದಲ್ಲ. ಏಪ್ರಿಲಿನಲ್ಲಿ ಕೊರೊನಾಡೊ ಸೇತುವೆಯ ಕೆಳಗಿನ ಚಿಕಾನೋ ಪಾರ್ಕಿಗೆ ಹೋಗಿ ನೋಡಿ. ಮೆಕ್ಸಿಕನ್ ಮೂಲದವರ ಲೋರೈಡರ್ ಕಾರುಗಳು ಸಾಲಾಗಿ ನಿಂತಿರುತ್ತವೆ. ಬೆಳ್ಳಿ ಬಣ್ಣದ ತಳದ ಮೇಲೆ ಪಾರದರ್ಶಕ ಬಣ್ಣವನ್ನು ಪದರ ಪದರವಾಗಿ ಹೊಡೆದ ನೇರಳೆ, ಚಿನ್ನ, ನವಿಲುಕತ್ತಿನ ಹಸಿರು. ಬಿಸಿಲು ಒಳಗಿಳಿದು ತಳದಿಂದ ಹೊಳೆದು ಬರುತ್ತದೆ, ಧರ್ಮಾವರಂ ಸೀರೆ ತಲೆಬಾಗಬೇಕು. ಆ ಕಾರುಗಳು ನಿಧಾನವಾಗಿ ಮೆರವಣಿಗೆ ಹೋಗುವುದನ್ನು ಪಕ್ಕದ ನ್ಯಾಷನಲ್ ಸಿಟಿ 1992ರಲ್ಲಿ ನಿಷೇಧಿಸಿತ್ತು; 2023ರಲ್ಲಿ ಹಿಂತೆಗೆದುಕೊಂಡಿತು, ಮರುವರ್ಷದಿಂದ ರಾಜ್ಯದಲ್ಲೆಲ್ಲ ಅಂಥ ನಿಷೇಧವೇ ಇಲ್ಲವಾಯಿತು. ಕಾರ್ಖಾನೆ ಕೊಟ್ಟದ್ದೇ ಬಣ್ಣ ಎಂದು ಫಲಕ ಹಿಡಿದು ಕೂರುವ ಶುದ್ಧವಾದಿಗಳಿಗಿಂತ, ಕಾರನ್ನು ತಮ್ಮದನ್ನಾಗಿ ಮಾಡಿಕೊಂಡ ಇವರೇ ದೊಡ್ಡ ರಸಿಕರು ಎಂಬುದು ನನ್ನ ಪಕ್ಷ. ಮನೆಯಲ್ಲಿ ಈ ಪಕ್ಷಕ್ಕೆ ಬಹುಮತವಿಲ್ಲ.

ಪಾಲಿಶು ಮುಗಿಸಿ ಕಾರನ್ನು ಹೊರಗೆ ತಳ್ಳಿ ನಿಲ್ಲಿಸಿದ ದಿನ ಎದುರುಮನೆಯ ಹಿರಿಯರು ಬಂದರು. ನೌಕಾಪಡೆಯಿಂದ ನಿವೃತ್ತರಾದ ಫಿಲಿಪಿನೋ. ಅರ್ಲ್ ಶೈಬ್ ಎಂಬಾತ 1937ರಲ್ಲಿ ಲಾಸ್ ಏಂಜಲೀಸಿನಲ್ಲಿ ಆರಂಭಿಸಿದ ಪೇಂಟಿಂಗ್ ಅಂಗಡಿಗಳ ಕಥೆ ನನಗೆ ಹೇಳಿದವರು ಅವರೇ. ಯಾವ ಕಾರಾದರೂ ಸರಿ, ಯಾವ ಬಣ್ಣವಾದರೂ ಸರಿ, 29 ಡಾಲರ್ 95 ಸೆಂಟ್ ಎಂದು ಆತ ಖುದ್ದಾಗಿ ಟೀವಿಯಲ್ಲಿ ಸಾರುತ್ತಿದ್ದನಂತೆ. ಕೈಯಲ್ಲಿ ಕಾಸಿಲ್ಲದವರ ಕಾರುಗಳೂ ಆ ಕಾಲದಲ್ಲಿ ಹೊಸ ಬಣ್ಣ ಕಂಡವು. 2010ರಲ್ಲಿ ಆ ಕಂಪನಿ ಬಾಗಿಲು ಹಾಕಿತು. ಹಿರಿಯರು ಮಸ್ಟಾಂಗಿಗೆ ಒಂದು ಸುತ್ತು ಬಂದರು, ಬಾನೆಟ್ಟಿನಲ್ಲಿ ತಮ್ಮ ಮುಖ ನೋಡಿಕೊಂಡರು, ಆಮೇಲೆ ತಮ್ಮ ಸಿಪ್ಪೆಯೆದ್ದ ಪಿಕಪ್ಪಿನ ಕಡೆ ಬೆರಳು ತೋರಿಸಿ ಯಜಮಾನರನ್ನು ಕೇಳಿದರು: "ಇದಕ್ಕೆ ಎಷ್ಟು ತಗೋತೀರಿ?"

ಯಜಮಾನರ ಮುಖದಲ್ಲಿ ಹೆಮ್ಮೆಯೂ ಪೆಚ್ಚೂ ಒಟ್ಟಿಗೇ ಬಂದು ಯಾವುದು ನಿಲ್ಲಬೇಕೆಂದು ತೋಚದೆ ನಿಂತವು. ಇದು ಬರೀ ಹವ್ಯಾಸ, ತಾನು ಸಾಫ್ಟ್‌ವೇರಿನವನು ಎಂದು ವಿವರಿಸಲು ಹೊರಟರು. ಅಷ್ಟರಲ್ಲಿ ನಾನು ಹೇಳಿದೆ: "ಇಪ್ಪತ್ತೊಂಬತ್ತು ಡಾಲರ್ ತೊಂಬತ್ತೈದು ಸೆಂಟ್. ಯಾವ ಬಣ್ಣ ಬೇಕಾದರೂ."

ಹಿರಿಯರು ಪಿಕಪ್ಪಿನ ಮೇಲೆ ಕೈಯೂರಿ ಬಿದ್ದು ಬಿದ್ದು ನಕ್ಕರು. ಶೈಬ್‌ನ ಹೆಸರನ್ನೇ ಕೇಳದ ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, "ಅಷ್ಟಕ್ಕೆ ಮಾಸ್ಕಿಂಗ್ ಟೇಪೂ ಬರಲ್ಲ ಕಣೇ" ಎಂದರು.